ಪಟ್ಟಿಯಲ್ಲಿ ಕಾಫಿ ಇರಲಿಲ್ಲ

ಕೊಡಗಿನ ಮೂರ್ನಾಡಿನ ಸುತ್ತಮುತ್ತ ಮನೆಮನೆಗೆ ಪಾರ್ಸಲ್ ಹಂಚುವ ಕೆಲಸ ನನ್ನದು. ಕಂಪನಿ ಯಾವುದಾದರೇನು, ಪೆಟ್ಟಿಗೆ ಎಲ್ಲದರದೂ ಅದೇ ಕಂದು ಬಣ್ಣ. ಬೆಳಗ್ಗೆ ಗೋಡೌನಿನಲ್ಲಿ ಪೆಟ್ಟಿಗೆಗಳನ್ನು ನನ್ನ ಹಳೇ ವ್ಯಾನಿಗೆ ತುಂಬಬೇಕು, ಫೋನಿನ ಆ್ಯಪ್ ತೋರಿಸಿದ ದಾರಿ ಹಿಡಿಯಬೇಕು, ಬಾಗಿಲಲ್ಲಿ ಕೊಟ್ಟು ಫೋಟೋ ಹೊಡೆದು ಮುಂದಿನ ಮನೆಗೆ ಓಡಬೇಕು. ಹೇಳುವುದಕ್ಕೆ ಇಷ್ಟೇ. ಆದರೆ ಈ ಕಡೆ ಯಾರ ಮನೆಯೂ ರಸ್ತೆಗೆ ಅಂಟಿಕೊಂಡಿಲ್ಲ. ಗೇಟು ಒಂದು ಕಡೆ, ಮನೆ ಇನ್ನೊಂದು ಕಡೆ, ನಡುವೆ ಕಾಫಿ ತೋಟ. ನಾನು ಗೇಟು ದಾಟಿ ಅಂಗಳ ಮುಟ್ಟುವಷ್ಟರಲ್ಲಿ ನಾಯಿಗಳು ಮನೆಯವರನ್ನೆಲ್ಲ ಹೊರಗೆ ಕರೆದಿರುತ್ತವೆ. ಅಷ್ಟು ದೂರ ಬಂದವನನ್ನು ಹಾಗೇ ಕಳಿಸುವ ಪದ್ಧತಿ ಇಲ್ಲಿಲ್ಲ.

"ಬನ್ನಿ, ಕಾಫಿ ಕುಡ್ದು ಹೋಗಿ."

ಇದು ಪ್ರಶ್ನೆ ಅಲ್ಲ ಎಂದು ಗೊತ್ತಾಗುವುದಕ್ಕೆ ನನಗೆ ಒಂದು ವಾರ ಬೇಕಾಯಿತು. ಶುರುವಿನಲ್ಲಿ "ಅರ್ಜೆಂಟಿದೆ ಅಮ್ಮಾ, ಇನ್ನೊಂದು ಸಲ" ಎನ್ನುತ್ತಿದ್ದೆ. ಅವರ ಮುಖ ಸಣ್ಣದಾಗುತ್ತಿತ್ತು. ಒಬ್ಬರಂತೂ ನೇರವಾಗಿಯೇ, "ಎಂತ, ನಮ್ಮ ಮನೇದು ಕುಡಿಯೋದಿಲ್ವಾ?" ಎಂದು ಕೇಳಿಬಿಟ್ಟರು. ಆಮೇಲೆ ನಾನು ಬೇಡ ಅಂದದ್ದಿಲ್ಲ. ಒಂದು ಮನೆಯಲ್ಲಿ ಬೆಲ್ಲದ ಕರಿ ಕಾಫಿ, ಇನ್ನೊಂದರಲ್ಲಿ ಹಾಲಿನದು, ಎಸ್ಟೇಟಿನ ಕೂಲಿಯವರ ಲೈನ್ ಮನೆಗಳಲ್ಲಿ ಹಾಲಿಲ್ಲದ ಚಾ. ಹೊಟ್ಟೆಯಲ್ಲಿ ಅಷ್ಟನ್ನೂ ಕುಲುಕಾಡಿಸಿಕೊಂಡು ನಮ್ಮ ಮಣ್ಣಿನ ರಸ್ತೆಗಳಲ್ಲಿ ವ್ಯಾನು ಓಡಿಸುವವನ ಪಾಡು ಯಾರಿಗೂ ಬೇಡ.

ಬೈದುಕೊಳ್ಳುತ್ತಿದ್ದೆ, ನಿಜ. ಆದರೆ ನನಗೆ ಅದು ಬೇಕಾಗಿತ್ತು. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ.

ನಾನು ಕುಶಾಲನಗರದ ಕಡೆಯವನು. ತಾತ ಹಾಸನದ ಕಡೆಯಿಂದ ಬಂದು ಅಲ್ಲಿ ಜಮೀನು ಮಾಡಿದವರು. ಅದು ಅಣ್ಣನಿಗೂ ನನಗೂ ಪಾಲಾದ ಮೇಲೆ ನನ್ನ ಪಾಲನ್ನೂ ಅಣ್ಣನೇ ಉಳುತ್ತಿದ್ದಾನೆ. ಹೆಣ್ಣು ನೋಡಲು ಹೋಗಿ ಹೋಗಿ ಚಪ್ಪಲಿ ಸವೆಯಿತು. ಹೊಲ ಇದೆ ಅಂದರೆ ನೌಕರಿ ಇದೆಯಾ ಎನ್ನುತ್ತಿದ್ದರು. ನೌಕರಿ ಇದೆ ಅನ್ನುವ ಹೊತ್ತಿಗೆ ವಯಸ್ಸೆಷ್ಟು ಎಂದು ಕೇಳತೊಡಗಿದರು. ಕೊನೆಗೆ ಬ್ರೋಕರೇ ಫೋನ್ ಎತ್ತುವುದನ್ನು ಬಿಟ್ಟ. ಅವ್ವ ತೀರಿಕೊಂಡ ಮೇಲೆ ಯುಗಾದಿಗೆ ಅಣ್ಣನ ಮನೆಗೆ ಹೋಗಿ, ಉಂಡು, ಸಂಜೆ ಬಸ್ಸಿಗೇ ವಾಪಸ್ಸು ಬರುತ್ತೇನೆ. ಮೂರ್ನಾಡಿನಲ್ಲಿ ಹಾರ್ಡ್‌ವೇರ್ ಅಂಗಡಿಯ ಮಹಡಿ ಮೇಲೆ ನನ್ನ ರೂಮು. ಸಂಜೆ ಬೀಗ ತೆಗೆದರೆ, ಬೆಳಗ್ಗೆ ಕುಡಿದು ಇಟ್ಟ ಲೋಟ ಇಟ್ಟಲ್ಲೇ ಕೂತಿರುತ್ತದೆ. ಅದನ್ನು ನೋಡಿದರೆ ನನಗೆ ಯಾಕೋ ಸಿಟ್ಟು ಬರುತ್ತದೆ. ಮನೆ ಅಂದಮೇಲೆ ಒಂದು ಲೋಟವನ್ನಾದರೂ ಯಾರಾದರೂ ಆಚೀಚೆ ಇಡಬಾರದೇ?

ಹಾಗಾಗಿ ದಿನದಲ್ಲಿ ಯಾರಾದರೂ ನನ್ನನ್ನು ಕೂರಿಸಿ, ಎದುರಿಗೆ ಕೂತು, ನಾಲ್ಕು ಮಾತಾಡುವ ಹೊತ್ತು ಅಂದರೆ ಆ ಕಾಫಿಯ ಹೊತ್ತೇ. ಅದರಲ್ಲೂ ಒಂದು ಮನೆ. ಮೂರ್ನಾಡಿನಿಂದ ವಿರಾಜಪೇಟೆ ರಸ್ತೆಯಲ್ಲಿ ಸ್ವಲ್ಪ ಹೋಗಿ ಒಳಗೆ ತಿರುಗಿದರೆ ಸಿಗುವ ದೊಡ್ಡ ಸಂಸಾರ. ಅತ್ತೆ, ಮಾವ, ಇಬ್ಬರು ಸೊಸೆಯಂದಿರು, ಗಲಾಟೆ ಮಕ್ಕಳು. ಆ ಮನೆಯ ಹಿರಿಯಮ್ಮನಿಗೆ ಫೋನಿನಲ್ಲಿ ಸಾಮಾನು ತರಿಸುವ ಹುಚ್ಚು. ಪೆಟ್ಟಿಗೆ ಬಂದರೆ ನನ್ನೆದುರಿಗೇ ಒಡೆಯಬೇಕು. ಕತ್ತರಿ ತರಿಸಿ, ಜಗಲಿಯ ಮೇಲೆ ಕಾಲು ನೀಡಿ ಕೂತು, ಟೇಪು ಸೀಳಿ, ಒಳಗಿನದನ್ನು ಎತ್ತಿ ಹಿಡಿದು, "ಹೇಗುಂಟು ಹೇಳಿ" ಎನ್ನುತ್ತಿದ್ದರು.

"ಚೆನ್ನಾಗೈತೆ ಅಮ್ಮಾ."

"ಎಲ್ಲದಕ್ಕೂ ಚೆನ್ನಾಗೈತೆ ಅಂತೀರಲ್ಲ! ಸರಿಯಾಗಿ ನೋಡಿ ಹೇಳಿ ಮಾರಾಯ್ರೆ."

ಸರಿ ಎಂದು ನಾನೂ ಬಾಯಿ ಬಿಟ್ಟೆ. ಒಂದು ಸಲ ಕಿಟಕಿಯ ಪರದೆ ಬಂದಿತ್ತು, ಕೆನ್ನೇರಳೆ ಬಣ್ಣದ್ದು. "ಇದನ್ನ ಹಾಕಿದ್ರೆ ಹಾಡಹಗಲೇ ಲೈಟ್ ಹಾಕ್ಬೇಕಾಗ್ತದೆ, ವಾಪಸ್ ಕಳ್ಸಿ" ಎಂದುಬಿಟ್ಟೆ. ಸೊಸೆಯಂದಿರು ಕಿಸಕ್ಕನೆ ನಕ್ಕರು. ಹಿರಿಯಮ್ಮ ಪರದೆಯನ್ನು ಬೆಳಕಿಗೆ ಹಿಡಿದು ನೋಡಿ, ನನ್ನನ್ನು ನೋಡಿ, ಪೆಟ್ಟಿಗೆಗೆ ವಾಪಸ್ಸು ತುರುಕಿದರು. ಈಗ ಆ ಮನೆಯ ಕಿಟಕಿಗಳಿಗಿರುವ ತಿಳಿಹಳದಿ ಪರದೆ ನಾನು ಆರಿಸಿದ್ದು. ಮಿಕ್ಸಿ, ಮಕ್ಕಳ ರೇನ್‌ಕೋಟು, ಕುಕ್ಕರಿನ ರಬ್ಬರು, ಎಲ್ಲಕ್ಕೂ ನನ್ನ ಅಭಿಪ್ರಾಯ ಬೇಕಿತ್ತು. ನನ್ನ ಜನ್ಮದಲ್ಲಿ ಬೇರೆ ಯಾರೂ ನನ್ನ ಅಭಿಪ್ರಾಯ ಕೇಳಿದ್ದಿಲ್ಲ.

ಕಷ್ಟ ಶುರುವಾದದ್ದು ಆ್ಯಪ್‌ನಿಂದ. ಕಂಪನಿಯವರು ಅದನ್ನು ಹೊಸದು ಮಾಡಿದರು. ವ್ಯಾನು ಒಂದೇ ಕಡೆ ಜಾಸ್ತಿ ಹೊತ್ತು ನಿಂತರೆ ಫೋನು ಕೆಂಪಗಾಗಿ ಕುಂಯ್ ಎಂದು ಕೂಗಿ, ತಡ ಏಕೆ ಎಂದು ಕೇಳುತ್ತಿತ್ತು. ಉತ್ತರವನ್ನೂ ಅದೇ ಕೊಡುತ್ತಿತ್ತು, ನಾವು ಒತ್ತಿದರೆ ಸಾಕು. ವಾಹನ ಕೆಟ್ಟಿದೆ. ರಸ್ತೆ ಬಂದ್ ಆಗಿದೆ. ಗ್ರಾಹಕರು ಮನೆಯಲ್ಲಿಲ್ಲ. ವಿಳಾಸ ಹುಡುಕುತ್ತಿದ್ದೇನೆ. ಪಟ್ಟಿ ಅಲ್ಲಿಗೆ ಮುಗಿಯಿತು. ಅದನ್ನು ಮಾಡಿದ ಪುಣ್ಯಾತ್ಮರು ಯಾವತ್ತೂ ಈ ಕಡೆ ಒಂದು ಮನೆಯ ಮೆಟ್ಟಿಲು ಹತ್ತಿದವರಲ್ಲ.

ವಾಹನ ಕೆಟ್ಟಿದೆ ಎಂದು ಒತ್ತಿದರೆ ಗೋಡೌನಿನಿಂದ ಇನ್ನೊಂದು ವ್ಯಾನು ಹೊರಟುಬಿಡುತ್ತಿತ್ತು. ರಸ್ತೆ ಬಂದ್ ಅಂದರೆ ಹಿಂದೆ ಬರುವ ನಮ್ಮವರನ್ನೆಲ್ಲ ಸುತ್ತು ದಾರಿಗೆ ಅಟ್ಟುತ್ತಿತ್ತು. ಗ್ರಾಹಕರು ಮನೆಯಲ್ಲಿಲ್ಲ ಅನ್ನುವುದನ್ನು ನಾನು ಒಂದೇ ಸಲ ಒತ್ತಿದ್ದು. ಆ ಕ್ಷಣವೇ ಗ್ರಾಹಕರ ಫೋನಿಗೆ ಮೆಸೇಜು ಹೋಯಿತು. ಹಿರಿಯಮ್ಮ ಕನ್ನಡಕ ಏರಿಸಿ ಓದಿ, "ಅಯ್ಯೋ, ನಾನು ಇಲ್ಲೇ ಉಂಟಲ್ಲ! ನಿಮ್ಮ ಎದುರಿಗೇ ಕೂತಿದ್ದೇನೆ!" ಎಂದು ಗಾಬರಿಯಾದರು. ಉಳಿದದ್ದು ಒಂದೇ, ವಿಳಾಸ ಹುಡುಕುತ್ತಿದ್ದೇನೆ. ಅದನ್ನು ಒತ್ತಿದರೆ ಯಾರಿಗೂ ತೊಂದರೆ ಇಲ್ಲ. ಫೋನು ಬಾಯಿ ಮುಚ್ಚುತ್ತಿತ್ತು, ನಾನು ಲೋಟ ಎತ್ತುತ್ತಿದ್ದೆ. ಗೋಡೌನಿನ ನಮ್ಮವರೆಲ್ಲ ಅದನ್ನೇ ಮಾಡುತ್ತಿದ್ದರು. ಯಾರೂ ಮಾತಾಡಿಕೊಂಡು ಮಾಡಿದ್ದಲ್ಲ.

ಆದರೆ ಮೇಲಿನ ಆಫೀಸಿನಲ್ಲಿ ಆ ಒತ್ತಿದ್ದನ್ನೆಲ್ಲ ಒಟ್ಟು ಹಾಕಿ ನೋಡುವವರು ಇದ್ದರಲ್ಲ! ಅವರಿಗೆ ನಕ್ಷೆಯಲ್ಲಿ ಮೂರ್ನಾಡು ಪೂರ್ತಿ ಕೆಂಪು. ಇಡೀ ರಾಜ್ಯದಲ್ಲಿ ವಿಳಾಸ ಸಿಗದ ಊರು ಅಂದರೆ ಇದೇ ಎಂದು ಅವರು ತೀರ್ಮಾನಿಸಿದರು. ನಮ್ಮ ಇನ್‌ಚಾರ್ಜ್ ಮನೆಯಲ್ಲಿ ಮಲಯಾಳ, ನಮ್ಮ ಜೊತೆ ಕನ್ನಡ, ಮೇಲಿನವರ ಜೊತೆ ಇಂಗ್ಲಿಷು ಮಾತಾಡುವ ಮನುಷ್ಯ. ಅವತ್ತು ಮೂರೂ ಕಲಸಿ ಬೈದರು. "ನಿಂಗಳಿಗೆಲ್ಲ ಕಣ್ಣು ಕಟ್ಟಿದ್ರೂ ಮನೆ ಗೊತ್ತುಂಟು. ಮತ್ತೆ ಎಂತ ಹುಡುಕೋದು? ನಾಳೆ ಮೇಲಿನಿಂದ ಮೇಡಂ ಬರ್ತಾರೆ. ನಿಮ್ಮ ವ್ಯಾನಲ್ಲೇ ಕೂರ್ತಾರೆ" ಎಂದು ನನ್ನ ಕಡೆಗೆ ಬೆರಳು ಮಾಡಿದರು.

ಸತ್ಯ ಹೇಳಿದರೆ ಕಾಫಿ ನಿಲ್ಲುತ್ತದೆ. ಹೇಳದಿದ್ದರೆ ಇಲ್ಲದ ರೋಗಕ್ಕೆ ಇವರು ಏನು ಔಷಧಿ ಕೊಡುತ್ತಾರೋ! ಯಾವ ಕಡೆ ಬಿದ್ದರೂ ನನ್ನ ಜಗಲಿಗಳು ಹೋದವು ಎಂದು ರಾತ್ರಿ ಪೂರ್ತಿ ಹೊರಳಾಡಿದೆ.

ಮೇಡಂ ಮೂವತ್ತರ ಆಸುಪಾಸಿನವರು. ಜಂಬ ಇಲ್ಲ, ಕಣ್ಣು ಚುರುಕು. ವ್ಯಾನಿನ ಮುಂದಿನ ಸೀಟಿನಲ್ಲಿ ನನ್ನ ಹಳೇ ಟವೆಲ್ಲನ್ನು ತಾವೇ ಮಡಿಸಿ ಪಕ್ಕಕ್ಕಿಟ್ಟು ಕೂತರು. ಮೊದಲನೇ ಮನೆಗೆ ಹೋದೆವು. ಅಂಗಳದಲ್ಲಿ ಕಾಫಿ ಒಣಗಿಸುತ್ತಿದ್ದ ಹೆಂಗಸು ಕರೆದರು. ಮೇಡಂ ನಗುತ್ತ, "ನಾನು ಕಾಫಿ ಕುಡಿಯಲ್ಲ" ಎಂದರು.

"ಹಾಗಾದ್ರೆ ಮಜ್ಜಿಗೆ? ಹಾಲು? ಕಿತ್ತಳೆ ಜ್ಯೂಸ್ ಮಾಡ್ಲಾ?"

ಮೇಡಂ ಮಜ್ಜಿಗೆ ಕುಡಿದರು. ಎರಡನೇ ಮನೆಯಲ್ಲಿ ಕಿತ್ತಳೆ ಜ್ಯೂಸೂ ಆಯಿತು. ವ್ಯಾನಿಗೆ ಹತ್ತುವಾಗ, "ನೀವು ಒಂದು ಸಲಾನೂ ಯಾರನ್ನೂ ದಾರಿ ಕೇಳ್ಲಿಲ್ಲ. ಮ್ಯಾಪೂ ನೋಡ್ಲಿಲ್ಲ" ಎಂದರು. ನಾನು ಕಿವಿ ಕೇಳದವನ ಹಾಗೆ ಗೇರ್ ಹಾಕಿದೆ.

ಮೂರನೆಯದು ಹಿರಿಯಮ್ಮನ ಮನೆ. ಅವತ್ತು ಇಸ್ತ್ರಿ ಪೆಟ್ಟಿಗೆ ಬಂದಿತ್ತು. ಕತ್ತರಿ ಬಂತು, ಸೊಸೆಯಂದಿರು ಬಂದರು, ತಟ್ಟೆಯಲ್ಲಿ ಅಕ್ಕಿ ಶಾವಿಗೆಯ ನೂಪುಟ್ಟೂ ಬಂತು. ಇಸ್ತ್ರಿ ಪೆಟ್ಟಿಗೆ ತೂಕ ಇಲ್ಲ, ಬಟ್ಟೆಯ ಮೇಲೆ ಗಾಳಿಗೆ ಹಾರಿಹೋಗುತ್ತದೆ ಎಂದು ನಾನು, ಕೈನೋವಿಗೆ ಹಗುರದ್ದೇ ಒಳ್ಳೆಯದು ಎಂದು ದೊಡ್ಡ ಸೊಸೆ. ಚರ್ಚೆ ರಂಗೇರಿದಾಗ ನನ್ನ ಫೋನು ಕೆಂಪಗಾಗಿ ಕೂಗಿತು. ಅಭ್ಯಾಸಬಲ, ನೋಡದೆಯೇ ಹೆಬ್ಬೆರಳು ಹೋಗಿ ಒತ್ತಿಬಿಟ್ಟಿತು. ತಲೆ ಎತ್ತಿದರೆ ಮೇಡಂ ನನ್ನ ಹೆಬ್ಬೆರಳನ್ನೇ ನೋಡುತ್ತಿದ್ದರು. ಬಾಯಲ್ಲಿದ್ದ ನೂಪುಟ್ಟನ್ನು ನಿಧಾನವಾಗಿ ಅಗಿದು ನುಂಗಿದರು.

ವ್ಯಾನಿನಲ್ಲಿ ಕೂತ ಮೇಲೆ ಕೇಳಿದರು. "ಇದೇನಾ ವಿಷಯ?"

ನನಗೆ ಹೆದರಿಕೆಯಾಗಬೇಕಿತ್ತು, ಸಿಟ್ಟು ಬಂತು. ನನ್ನ ಕೋಪ ಮೂಗಿನ ತುದಿಯಲ್ಲೇ ಇರುವುದು. "ಇದೇ ಮೇಡಂ. ನಿಮ್ ಪಟ್ಟೀಲಿ ಕಾಫಿ ಅಂತ ಒಂದಿದ್ದಿದ್ರೆ ನಾನು ಅದನ್ನೇ ಒತ್ತುತಿದ್ದೆ. ನೀವು ಹಾಕ್ಲಿಲ್ಲ. ಮನೆಗೆ ಬಂದೋರನ್ನ ಕೂರ್ಸೋದು ತಪ್ಪಾ? ಕೂತ್ಕೊಳ್ಳೋದು ತಪ್ಪಾ? ನಮ್ಮ ಒಂದು ಪೆಟ್ಟಿಗೆ ಇವತ್ತಿನವರೆಗೆ ಬೇರೆ ಮನೆಗೆ ಹೋಗಿಲ್ಲ. ಬೇಕಾದ್ರೆ ಕೆಲಸದಿಂದ ತೆಗೀರಿ" ಎಂದು ಒಂದೇ ಉಸಿರಿನಲ್ಲಿ ಒದರಿದೆ. ಆಮೇಲೆ ನನಗೇ ನಾಚಿಕೆಯಾಯಿತು, ವ್ಯಾನು ಹೊರಡಿಸಿದೆ.

ಅವರು ಬೈಯಲಿಲ್ಲ. ಸ್ವಲ್ಪ ದೂರ ಹೋದ ಮೇಲೆ, "ಸತ್ಯ ಹೇಳೋಕೆ ಒಂದು ಜಾಗ ಇರ್ಬೇಕು, ಅಲ್ವಾ? ಪಟ್ಟಿಗೆ ಸೇರಿಸ್ತೀನಿ ಸರ್" ಎಂದರು. ನನ್ನನ್ನು ಸರ್ ಎಂದು ಕರೆದ ಮೊದಲ ಅಧಿಕಾರಿ. ಮಾತು ಉಳಿಸಿಕೊಂಡರು ಕೂಡ. ಮುಂದಿನ ತಿಂಗಳು ಆ್ಯಪ್‌ನ ಪಟ್ಟಿಯಲ್ಲಿ ಹೊಸ ಸಾಲು ಬಂದಿತ್ತು: ಗ್ರಾಹಕರ ಮನೆಯಲ್ಲಿ ಉಪಚಾರ.

ಗೋಡೌನಿನಲ್ಲಿ ಅವತ್ತು ಹಬ್ಬ. ನನ್ನ ಬೆನ್ನು ತಟ್ಟಿದವರೆಷ್ಟು! ಅಷ್ಟು ನೆಮ್ಮದಿಯಿಂದ ನಾನು ಯಾವತ್ತೂ ಕಾಫಿ ಕುಡಿದಿರಲಿಲ್ಲ. ಫೋನು ಕೂಗಿದರೆ ಹಿರಿಯಮ್ಮನಿಗೇ ಕೊಡುತ್ತಿದ್ದೆ, ಅವರೇ ಉಪಚಾರ ಎಂದು ಒತ್ತುತ್ತಿದ್ದರು, ದೀಪ ಹಚ್ಚುವವರ ಹಾಗೆ ಗಂಭೀರವಾಗಿ. ನಾವೆಲ್ಲ ಪ್ರಾಮಾಣಿಕರಾಗಿಬಿಟ್ಟೆವು.

ಪ್ರಾಮಾಣಿಕರಾದದ್ದೇ ಬಂತು. ಹಳೆಯ ಪಟ್ಟಿ ಇದ್ದಾಗ ಮೇಲಿನವರಿಗೆ ನಮ್ಮ ತಡ ವಿಳಾಸದ ತಪ್ಪಾಗಿ ಕಾಣುತ್ತಿತ್ತು. ಈಗ ಕಣ್ಣಿಗೆ ರಾಚುವ ಹಾಗೆ ಕಂಡಿತು. ಮೂರ್ನಾಡಿನಲ್ಲಿ ವಿಳಾಸದ ತೊಂದರೆಯೇ ಇಲ್ಲ, ಮನೆ ಬಾಗಿಲೇ ತೊಂದರೆ. ಹಾಗಾದರೆ ಬಾಗಿಲಿಗೆ ಹೋಗುವುದೇ ಬೇಡ. ಮಳೆಗಾಲ ಮುಗಿಯುವಷ್ಟರಲ್ಲಿ ಹೊಸ ಏರ್ಪಾಡು ಬಂತು. ಊರೂರಿಗೆ ಒಂದು ಅಂಗಡಿ ಗೊತ್ತು ಮಾಡಿದರು. ನಾನು ಪೆಟ್ಟಿಗೆಗಳನ್ನು ಅಂಗಡಿಗೆ ಇಳಿಸಬೇಕು, ಜನ ಪೇಟೆಗೆ ಬಂದಾಗ ನಂಬರು ಹೇಳಿ ಒಯ್ಯಬೇಕು.

ಮೇಡಂ ಫೋನ್ ಮಾಡಿದ್ದರು. "ಸಾರಿ ಸರ್. ನಾನು ಒಳ್ಳೇದಾಗ್ಲಿ ಅಂತಲೇ ಸೇರ್ಸಿದ್ದು" ಎಂದರು. ಧ್ವನಿ ನಿಜವಾಗಿಯೂ ಸೋತಿತ್ತು. "ನಿಮ್ದೇನಿದೆ ಬಿಡಿ ಮೇಡಂ" ಎಂದೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಯಾರ ಮೇಲಾದರೂ ಸಿಟ್ಟು ಮಾಡಲು ಆಗಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಕೆಲಸ ಮಾತ್ರ ನೀಟಾಯಿತು, ಸುಳ್ಳು ಹೇಳಬಾರದು. ಬೆಳಗ್ಗೆ ಹೊರಟರೆ ಮಧ್ಯಾಹ್ನದ ಊಟದ ಹೊತ್ತಿಗೆ ವ್ಯಾನು ಖಾಲಿ. ಪೆಟ್ರೋಲು ಉಳಿಯಿತು, ಟಯರು ಉಳಿಯಿತು, ನಾಯಿ ಕಚ್ಚುವ ಭಯ ಹೋಯಿತು. ನಕ್ಷೆಯಲ್ಲಿ ಮೂರ್ನಾಡು ಹಸಿರಾಯಿತು ಎಂದು ಇನ್‌ಚಾರ್ಜ್ ಲಡ್ಡು ಹಂಚಿದರು. ಅಂಗಡಿಯವರು ಪಾಪ ಒಳ್ಳೆಯವರೇ, ಆದರೆ ಅವರಿಗೆ ಗಿರಾಕಿ ನಿಂತಿರುತ್ತಾರೆ. ಪೆಟ್ಟಿಗೆ ಇಳಿಸು, ಸ್ಕ್ಯಾನ್ ಮಾಡು, ಹೊರಡು. ಕೆಲವು ದಿನ ಗೋಡೌನಿನಲ್ಲಿ ಹೂಂ ಅಂದದ್ದು ಬಿಟ್ಟರೆ ಸಂಜೆವರೆಗೆ ನನ್ನ ಧ್ವನಿ ನನಗೇ ಕೇಳಿಸುತ್ತಿರಲಿಲ್ಲ.

ಮಧ್ಯಾಹ್ನದ ನಂತರ ಏನು ಮಾಡಬೇಕೋ ಗೊತ್ತಾಗುತ್ತಿರಲಿಲ್ಲ. ಬಸ್ ಸ್ಟ್ಯಾಂಡಿನ ಹೋಟೆಲಿಗೆ ಹೋಗಿ ಕಾಫಿ ಕುಡಿದೆ. ಒಳ್ಳೆಯ ಕಾಫಿಯೇ. ಆದರೆ ಹೋಟೆಲಿನವನು ಲೋಟ ಇಟ್ಟು ಆ ಕಡೆ ಹೋಗುತ್ತಾನೆ, ಎದುರಿಗೆ ಕೂರುವುದಿಲ್ಲ. ರೂಮಿಗೆ ಬಂದು ಮಲಗಿದರೆ ಕೆಳಗೆ ಅಂಗಡಿಯಲ್ಲಿ ಪೈಪು ಕೊಯ್ಯುವ ಸದ್ದು. ನಾನು ಕಾಯುತ್ತಿದ್ದದ್ದು ಒಂದೇ. ಮನೆಗೆ ಯಾಕೆ ತರುವುದಿಲ್ಲ ಎಂದು ಯಾರಾದರೂ ಫೋನ್ ಮಾಡಿ ಬೈಯಲಿ ಎಂದು. ಎಲ್ಲರೂ ಬೇಡ, ಒಬ್ಬರಾದರೂ ಸಾಕಿತ್ತು. ಯಾರೂ ಬೈಯಲಿಲ್ಲ.

ಒಂದು ದಿನ ಅಂಗಡಿಯಲ್ಲಿ ಹಿರಿಯಮ್ಮನ ದೊಡ್ಡ ಸೊಸೆ ಸಿಕ್ಕಿದರು. ಪೆಟ್ಟಿಗೆ ಎತ್ತಿಕೊಂಡು ಜೀಪಿನ ಹಿಂದಕ್ಕೆ ಹಾಕುತ್ತಿದ್ದರು. "ಅಮ್ಮ ಚೆನ್ನಾಗವ್ರಾ?" ಎಂದು ಕೇಳಿದೆ.

"ಹೂಂ, ಚೆನ್ನಾಗಿದ್ದಾರೆ. ಈಗ ಭಾರೀ ಸುಲಭ ಆಯ್ತು ನೋಡಿ, ನೀವು ಬರ್ತೀರಿ ಅಂತ ಕಾದು ಕೂರೋದು ಇಲ್ಲ" ಎಂದು ನಗುತ್ತ ಜೀಪು ತಿರುಗಿಸಿಕೊಂಡು ಹೋದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಪೆಟ್ಟಿಗೆಯಲ್ಲಿ ಏನಿತ್ತು ಎಂದು ಮಾತ್ರ ನನಗೆ ತಿಳಿಯಲಿಲ್ಲ.

ಅದಾದ ಮೇಲೆ ತಡೆಯಲಾಗಲಿಲ್ಲ. ಒಂದು ಮಧ್ಯಾಹ್ನ ಖಾಲಿ ವ್ಯಾನು ತೆಗೆದುಕೊಂಡು ಅವರ ಮನೆಗೆ ಹೋದೆ. ಮುಖ ತೊಳೆದುಕೊಂಡು, ಒಗೆದ ಶರ್ಟು ಹಾಕಿಕೊಂಡು, ಹುಚ್ಚನ ಹಾಗೆ. ನಾಯಿಗಳು ಎಂದಿನಂತೆ ಬಾಲ ಅಲ್ಲಾಡಿಸುತ್ತ ಬಂದವು. ಮಕ್ಕಳು ಶಾಲೆಗೆ ಹೋಗಿದ್ದವು, ಸೊಸೆಯಂದಿರು ತೋಟದಲ್ಲಿದ್ದರಂತೆ. ಹಿರಿಯಮ್ಮ ಹೊರಗೆ ಬಂದರು.

"ಓ, ಪಾರ್ಸಲಿನವರು! ಬನ್ನಿ ಬನ್ನಿ. ಎಂತ ಬಂತು?" ಎನ್ನುತ್ತ ನನ್ನ ಕೈ ನೋಡಿದರು. ಆಮೇಲೆ ನನ್ನ ಹಿಂದೆ ವ್ಯಾನಿನ ಕಡೆಗೆ ನೋಡಿದರು.

"ಏನಿಲ್ಲ ಅಮ್ಮಾ. ಹಿಂಗೇ ಈ ಕಡೆ ಬಂದಿದ್ದೆ."

"ಓಹೋ" ಎಂದರು. "ಕೂತ್ಕೊಳ್ಳಿ, ಕಾಫಿ ತರ್ತೇನೆ."

ತಂದರು. ನನ್ನ ಎದುರಿಗೇ ಕೂತರು. ನಾನು ಬಯಸಿದ್ದು ಅದನ್ನೇ, ಸಿಕ್ಕಿತು. ಆದರೆ ಇಷ್ಟು ವರ್ಷ ನಾವು ಆಡಿದ ಮಾತೆಲ್ಲ ಆ ಪೆಟ್ಟಿಗೆಯೊಳಗಿನ ಸಾಮಾನಿನದು. ನಡುವೆ ಪೆಟ್ಟಿಗೆ ಇಲ್ಲದೆ ಅವರಿಗೆ ನನ್ನ ಹತ್ತಿರ ಏನು ಕೇಳಬೇಕೋ ತಿಳಿಯಲಿಲ್ಲ, ನನಗೂ ಏನು ಹೇಳಬೇಕೋ ತಿಳಿಯಲಿಲ್ಲ. ಕೆಲಸ ಹೇಗುಂಟು ಎಂದರು. ನಡೀತಾ ಇದೆ ಎಂದೆ. ಮಳೆ ಈ ಸಲ ಜಾಸ್ತಿ ಎಂದರು. ಹೌದು ಎಂದೆ. ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ತುಂಬ ಮೆಲ್ಲಗೆ, "ಎಂತಾದ್ರೂ ಸಹಾಯ ಬೇಕಿತ್ತಾ?" ಎಂದು ಕೇಳಿದರು.

ಆ ಜಗಲಿಯಿಂದ ಎದ್ದು ಓಡಿಹೋಗಬೇಕು ಅನ್ನಿಸಿತು. "ಅಯ್ಯೋ ಇಲ್ಲಮ್ಮಾ, ಏನೂ ಬೇಡ" ಎಂದೆ. ಲೋಟ ಇನ್ನೂ ಅರ್ಧ ಇತ್ತು, ಬಿಟ್ಟು ಏಳುವ ಹಾಗಿರಲಿಲ್ಲ.

ಅವರಿಗೆ ಸಮಾಧಾನವಾದ ಹಾಗೆ ಕಂಡಿತು. ಸ್ವಲ್ಪ ಸರಿದು ಕೂತು, ಹೊಸಬರನ್ನು ಕೇಳುವ ಹಾಗೆ, "ನಿಮ್ಮ ಮನೆ ಎಲ್ಲಿ?" ಎಂದರು.

"ಮೂರ್ನಾಡಲ್ಲೇ ಅಮ್ಮಾ. ಹಾರ್ಡ್‌ವೇರ್ ಅಂಗಡಿ ಮೇಲೆ."

"ಮನೇಲಿ ಯಾರೆಲ್ಲ ಉಂಟು?"

"ನಾನೊಬ್ನೇ."

"ಅಯ್ಯೋ ದೇವರೇ" ಎಂದರು. ಅವರ ಮುಖದಲ್ಲಿ ನಿಜವಾದ ಚಿಂತೆ ಕಂಡಿತು. ತುಂಬಿದ ಮನೆಯನ್ನು ನಡೆಸುವವರಿಗೆ ಬರುವಂಥ, ಕೆಲಸದ ಚಿಂತೆ. "ಇಡೀ ದಿನ ನೀವು ಹೊರಗೆ. ಮತ್ತೆ ಮನೆಗೇ ಕೊಡ್ತಿದ್ದಾಗ ನಿಮ್ಮ ಪಾರ್ಸಲ್ ಯಾರು ತಗೊಳ್ತಿದ್ದದ್ದು?"

ನಾನು ಲೋಟದೊಳಗೆ ನೋಡಿದೆ.

"ನಂಗೆ ಪಾರ್ಸಲ್ಲೇ ಬರಲ್ಲ ಅಮ್ಮಾ" ಎಂದೆ.